ವಾಪಸ್ ಬಸ್ಸು ನೋಡಿಕೊಂಡು ಬೆಟ್ಟ ಆರಿಸಿ

ಪ್ರಶ್ನೆ: ನಾವು ರಾಜಾಜಿನಗರದವರು. ನನಗೂ ತಂಗಿಗೂ ಈಚೆಗೆ ಬೆಟ್ಟ ಹತ್ತುವ ಹುಚ್ಚು ಹಿಡಿದಿದೆ. ಮನೆಯಲ್ಲಿ ಕಾರಿಲ್ಲ. ಸ್ಕೂಟರನ್ನು ಹೈವೇಗೆ ತೆಗೆಯಲು ಧೈರ್ಯವಿಲ್ಲ. ಎಲ್ಲಿ ಓದಿದರೂ ‘ರಾತ್ರಿ ಮೂರಕ್ಕೆ ಹೊರಡಿ’ ಅಂತಲೇ ಬರೆದಿರುತ್ತಾರೆ. ಸರ್ಕಾರಿ ಬಸ್ಸಲ್ಲೇ ಹೋಗಿ, ಅದೇ ದಿನ ಮನೆ ಸೇರುವಂಥ ಬೆಟ್ಟಗಳು ಇವೆಯಾ? ಅಮ್ಮನಿಗೆ ಮೊಣಕಾಲು ನೋವು. ಅವರೂ ನಡೆಯಬಹುದಾದ ಕೆರೆ ದಾರಿ ಇದ್ದರೆ ತಿಳಿಸಿ. ಹೆಣ್ಣುಮಕ್ಕಳು ಇಬ್ಬರೇ ಹೋಗಬಹುದಾ ಅನ್ನುವುದನ್ನೂ ಹೇಳಿ.

ಉತ್ತರ: ಇವೆ, ಬೇಕಾದಷ್ಟು ಇವೆ. ರಾತ್ರಿ ಮೂರಕ್ಕೆ ಹೊರಡಿ ಅನ್ನುವವರು ಸೂರ್ಯೋದಯದ ಫೋಟೊಗೆ ಹೋಗುವವರು. ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ. ಬೆಳಗ್ಗೆ ಆರೂವರೆಗೆ ಮನೆ ಬಿಟ್ಟರೆ ಸಾಕು. ಒಂಬತ್ತರ ಹೊತ್ತಿಗೆ ಬುಡದಲ್ಲಿರುತ್ತೀರಿ, ಊಟದ ಹೊತ್ತಿಗೆ ಇಳಿದಿರುತ್ತೀರಿ.

ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಸ್ಸಲ್ಲಿ ಹೋಗುವವರು ಬೆಟ್ಟವನ್ನು ಎತ್ತರ ನೋಡಿ ಆರಿಸಬಾರದು, ಫೋಟೊ ನೋಡಿಯೂ ಆರಿಸಬಾರದು. ವಾಪಸ್ ಬಸ್ಸು ನೋಡಿ ಆರಿಸಬೇಕು. ಮೆಜೆಸ್ಟಿಕ್‌ನಿಂದ ಚಿಕ್ಕಬಳ್ಳಾಪುರ, ಕೋಲಾರ, ರಾಮನಗರ, ಮಾಗಡಿ, ತುಮಕೂರು ಕಡೆಗೆ ಹಗಲೆಲ್ಲ ಬಸ್ಸುಗಳಿವೆ. ಅಲ್ಲಿವರೆಗೆ ಚಿಂತೆಯೇ ಇಲ್ಲ. ಕಷ್ಟ ಇರುವುದು ಪೇಟೆಯಿಂದ ಬೆಟ್ಟದ ಬುಡದವರೆಗಿನ ಕೊನೆಯ ಆರೇಳು ಕಿಲೋಮೀಟರಿನಲ್ಲಿ. ಹೋಗುವಾಗ ಹೇಗೋ ಹೋಗಿಬಿಡುತ್ತೇವೆ. ಇಳಿದು ಸುಸ್ತಾಗಿ ನಿಂತಾಗ ಗೊತ್ತಾಗುತ್ತದೆ.

ಇಲ್ಲಿ ನೈಟ್ ಹಾಲ್ಟ್ ಬಸ್ಸಿನ ಲೆಕ್ಕ ತಿಳಿದಿರಬೇಕು. ಹಳ್ಳಿ ಕಡೆಗೆ ಸಂಜೆ ಹೋಗುವ ಕೊನೆ ಬಸ್ಸು ಬಹಳ ಸಲ ಅಲ್ಲೇ ರಾತ್ರಿ ನಿಲ್ಲುತ್ತದೆ. ಡ್ರೈವರು, ಕಂಡಕ್ಟರು ಅಲ್ಲೇ ಮಲಗಿ, ಬೆಳಗ್ಗೆ ಸ್ಕೂಲು ಕಾಲೇಜಿನ ಮಕ್ಕಳನ್ನು, ಹೂವು ತರಕಾರಿ ಮೂಟೆಯವರನ್ನು ಹತ್ತಿಸಿಕೊಂಡು ಪೇಟೆಗೆ ಬರುತ್ತಾರೆ. ಹಾಗಾಗಿ ‘ಏಳು ಗಂಟೆಗೂ ಬಸ್ಸಿದೆ’ ಅಂತ ಊರಿನವರು ಹೇಳಿದರೆ ಅದು ಪೇಟೆಗೆ ಹೋಗುವ ಬಸ್ಸೋ, ಪೇಟೆಯಿಂದ ಬಂದು ಮಲಗುವ ಬಸ್ಸೋ ಅಂತ ಬಿಡಿಸಿ ಕೇಳಿ. ಅವರು ಸುಳ್ಳು ಹೇಳುವುದಿಲ್ಲ. ಅವರಿಗೆ ಊರಿಗೆ ಬರುವ ಬಸ್ಸು ಮುಖ್ಯ, ನಿಮಗೆ ಊರು ಬಿಡುವ ಬಸ್ಸು ಮುಖ್ಯ, ಅಷ್ಟೆ. ಇನ್ನೊಂದು ವಿಷಯ, ಸ್ಕೂಲಿನ ಮಕ್ಕಳಿಗಾಗಿಯೇ ಓಡುವ ಟ್ರಿಪ್ಪು ಭಾನುವಾರ ಇರದೇ ಹೋಗಬಹುದು. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಇಳಿದ ತಕ್ಷಣ, ಕಾಫಿಗೂ ಮೊದಲು, ಅಲ್ಲಿ ಪುಸ್ತಕ ಇಟ್ಟುಕೊಂಡು ಕೂತಿರುವ ಕಂಟ್ರೋಲರ್ ಹತ್ತಿರ ಹೋಗಿ ‘ಅಲ್ಲಿಂದ ಇಲ್ಲಿಗೆ ಕೊನೆ ಬಸ್ಸು ಎಷ್ಟೊತ್ತಿಗೆ ಸಾರ್’ ಅಂತ ಕೇಳಿ. ಅವರು ಹೇಳಿದ್ದಕ್ಕಿಂತ ಒಂದು ಟ್ರಿಪ್ಪು ಮುಂಚಿನದನ್ನೇ ನಿಮ್ಮ ಕೊನೆ ಬಸ್ಸು ಅಂದುಕೊಳ್ಳಿ. ಮೊಬೈಲಿನಲ್ಲಿ ಸಿಗುವ ವೇಳಾಪಟ್ಟಿಗಿಂತ ಈ ಮನುಷ್ಯನ ಮಾತಿಗೆ ಬೆಲೆ ಜಾಸ್ತಿ.

ನೀವು ರಾಜಾಜಿನಗರದವರು ಅಂದಮೇಲೆ ಮೊದಲು ಶಿವಗಂಗೆಗೇ ಹೋಗಿ. ತುಮಕೂರು ರಸ್ತೆ ನಿಮ್ಮ ಮನೆ ಬಾಗಿಲಲ್ಲೇ ಇದೆ. ಮೆಜೆಸ್ಟಿಕ್ಕಿಗೆ ಹೋಗಿ ವಾಪಸ್ ಅದೇ ದಾರಿಯಲ್ಲಿ ಬರುವ ಬದಲು ಗೊರಗುಂಟೆಪಾಳ್ಯದಲ್ಲೇ ತುಮಕೂರು ಬಸ್ಸು ಹತ್ತಿ. ಹತ್ತುವ ಮುಂಚೆ ‘ದಾಬಸ್‌ಪೇಟೆಲಿ ನಿಲ್ಲಿಸ್ತೀರಾ’ ಅಂತ ಕೇಳುವುದು ಮರೆಯಬೇಡಿ. ತಡೆರಹಿತ ಬಸ್ಸುಗಳು ಮೇಲ್ಸೇತುವೆ ಹತ್ತಿ ಸೀದಾ ಹೋಗಿಬಿಡುತ್ತವೆ. ದಾಬಸ್‌ಪೇಟೆಯಿಂದ ಶಿವಗಂಗೆ ಬುಡಕ್ಕೆ ಬಸ್ಸೂ ಇದೆ, ಆಟೋಗಳೂ ಇವೆ. ಕ್ಷೇತ್ರ ಆಗಿರುವುದರಿಂದ ಜನ ಓಡಾಡುತ್ತಲೇ ಇರುತ್ತಾರೆ. ಬಸ್ಸಲ್ಲಿ ಹೋಗುವವರಿಗೆ ದೇವಸ್ಥಾನ ಇರುವ ಬೆಟ್ಟವೇ ಒಳ್ಳೆಯದು ಅಂತ ನಾನು ಹೇಳುವುದು ಇದಕ್ಕೇ. ದೇವರಿದ್ದ ಕಡೆ ಬಸ್ಸಿರುತ್ತದೆ, ನೀರಿರುತ್ತದೆ, ಮಂಡಕ್ಕಿ ಮಾರುವವರೂ ಇರುತ್ತಾರೆ.

ಶಿವಗಂಗೆಯನ್ನು ಪೂರ್ವದಿಂದ ನೋಡಿದರೆ ನಂದಿ, ಪಶ್ಚಿಮದಿಂದ ಗಣೇಶ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆ ಎತ್ತಿದ ಹಾವು ಅನ್ನುತ್ತಾರೆ. ನಾಲ್ಕೂ ಕಾಣಬೇಕಾದರೆ ಸ್ವಲ್ಪ ಭಕ್ತಿಯೂ ಬೇಕು. ಮೊದಲ ಅರ್ಧ ಮೆಟ್ಟಿಲು, ಅಂಗಡಿ, ಕೋತಿ. ಗಂಗಾಧರೇಶ್ವರನ ಗುಡಿಯಲ್ಲಿ ಲಿಂಗಕ್ಕೆ ತುಪ್ಪ ಸವರಿದರೆ ಬೆಣ್ಣೆಯಾಗುತ್ತದೆ ಅನ್ನುವ ನಂಬಿಕೆ ಇದೆ. ಮುಂದೆ ಒಳಕಲ್ಲು ತೀರ್ಥ ಸಿಗುತ್ತದೆ. ಇದನ್ನು ಅವಸರದಲ್ಲಿ ದಾಟಿ ಹೋಗಬೇಡಿ. ಬಂಡೆಗಳ ಸಂದಿಯಲ್ಲಿ ತಲೆ ತಗ್ಗಿಸಿ ಒಳಗೆ ಹೋಗಬೇಕು. ಕತ್ತಲು, ಕಾಲಡಿ ತೇವ. ಒಂದು ಒರಳಿನಂಥ ಕುಳಿ. ಬಗ್ಗಿ, ಭುಜದವರೆಗೂ ಕೈ ಇಳಿಬಿಟ್ಟು ಬೆರಳು ಆಡಿಸಬೇಕು. ನೀರು ಕೈಗೆ ಸಿಕ್ಕರೆ ಪುಣ್ಯವಂತರು ಅಂತ. ಉದ್ದ ಕೈಯವರಿಗೆ ಪುಣ್ಯ ಸ್ವಲ್ಪ ಜಾಸ್ತಿ ಅನ್ನುವುದು ನನ್ನ ಅನುಮಾನ. ಸಿಗದಿದ್ದವರು ಮುಖ ಸಪ್ಪಗೆ ಮಾಡಿಕೊಂಡು ಎರಡನೇ ಸಲ ಸರದಿಯಲ್ಲಿ ನಿಲ್ಲುವುದನ್ನು ಅಲ್ಲೇ ನಿಂತು ನೋಡಬಹುದು.

ಅದರ ಮೇಲಿನ ದಾರಿ ನಿಜವಾದ ಹತ್ತಾಟ. ಬಂಡೆಯಲ್ಲೇ ಕಡಿದ ಸಣ್ಣ ಸಣ್ಣ ಮೆಟ್ಟಿಲು, ಪಕ್ಕದಲ್ಲಿ ಕಬ್ಬಿಣದ ಕಂಬಿ. ಎರಡು ಕೈಯೂ ಖಾಲಿ ಇರಬೇಕು, ಆದ್ದರಿಂದ ಕೈಚೀಲ ಬೇಡ, ಬೆನ್ನಿಗೆ ಹಾಕುವ ಬ್ಯಾಗು ತನ್ನಿ. ಬಂಡೆಯ ತುದಿಯಲ್ಲಿ ಕಡಿದ ನಂದಿ ಇದೆ. ಅದರ ಸುತ್ತ ಬರುವ ಜಾಗ ಇಕ್ಕಟ್ಟು. ಎತ್ತರದ ಭಯ ಇದ್ದವರು ಕೆಳಗೆ ನಿಂತೇ ಕೈ ಮುಗಿದರೂ ನಡೆಯುತ್ತದೆ. ಎಲ್ಲಕ್ಕಿಂತ ಮೇಲೆ ಶಾಂತಲೆಯ ಹೆಸರಿನ ಪ್ರಪಾತ. ಹೊಯ್ಸಳರ ರಾಣಿ ಇಲ್ಲಿಂದ ಹಾರಿದಳು ಅನ್ನುವುದು ಜನರ ಕಥೆ. ಶಾಸನ ಹೇಳುವುದು ಇಷ್ಟೇ: ಆಕೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಸಂಕ್ರಾಂತಿ, ಶಿವರಾತ್ರಿ ಹೊತ್ತಿನಲ್ಲಿ ಮಾತ್ರ ಇಲ್ಲಿಗೆ ಹೋಗಬೇಡಿ. ಆ ಕಂಬಿ ಹಿಡಿದು ಅರ್ಧ ಗಂಟೆ ಬಿಸಿಲಲ್ಲಿ ನಿಂತಿರಬೇಕಾಗುತ್ತದೆ.

ಎರಡನೆಯದು ನಂದಿಬೆಟ್ಟ. ಎಲ್ಲರೂ ಹೋಗುವ ಜಾಗ, ಅದರಲ್ಲೇನಿದೆ ಅನ್ನಬೇಡಿ. ಬಸ್ಸಿನವರಿಗೆ ಇಲ್ಲಿ ಕಾರಿನವರಿಗಿಂತ ಒಂದು ಕೈ ಮೇಲು. ಕಾರಿನಲ್ಲಿ ಹೋದವರು ಕಾರು ನಿಲ್ಲಿಸಿದ ಕಡೆಗೇ ವಾಪಸ್ ಬರಬೇಕು. ನಿಮಗೆ ಆ ಗೂಟ ಇಲ್ಲ. ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯಬಹುದು. ಬೆಳಗ್ಗೆ ಮೆಜೆಸ್ಟಿಕ್‌ನಿಂದ ಬೆಟ್ಟದ ಮೇಲಕ್ಕೇ ನೇರ ಬಸ್ಸಿದೆ. ಹೊರಡುವ ಸಮಯವನ್ನು ಹಿಂದಿನ ದಿನ ವಿಚಾರಣೆ ಕೌಂಟರಿನಲ್ಲಿ ಕೇಳಿಕೊಳ್ಳಿ. ಅದು ತಪ್ಪಿದರೆ ಚಿಕ್ಕಬಳ್ಳಾಪುರಕ್ಕೆ ಹೋಗಿ ಅಲ್ಲಿಂದ ಹಿಡಿಯಿರಿ. ಮೇಲೆ 1,478 ಮೀಟರ್ ಎತ್ತರದಲ್ಲಿ ಟಿಪ್ಪು ಡ್ರಾಪ್, ಯೋಗನಂದೀಶ್ವರ, ಅಮೃತ ಸರೋವರ ಎಲ್ಲ ನೋಡಿ. ಆಮೇಲೆ, ನಾಲ್ಕೈದು ಜನ ಆಗಿ ಹೋಗಿದ್ದರೆ, ರಸ್ತೆಯಲ್ಲಿ ಇಳಿಯಬೇಡಿ. ಸುಲ್ತಾನಪೇಟೆ ಕಡೆಗೆ ಇಳಿಯುವ ಹಳೇ ಕಲ್ಲು ಮೆಟ್ಟಿಲುಗಳಿವೆ. ಟಾರು ರಸ್ತೆ ಆಗುವ ಮುಂಚೆ ಜನ ಬೆಟ್ಟ ಹತ್ತುತ್ತಿದ್ದ ದಾರಿ ಅದು. ತೆರೆದಿದೆಯಾ ಅಂತ ಮೇಲೆ ಗೇಟಿನಲ್ಲಿ ಒಂದು ಮಾತು ಕೇಳಿಕೊಂಡು ಹೊರಡಿ.

ಆ ಮೆಟ್ಟಿಲು ಸಾವಿರಕ್ಕೂ ಜಾಸ್ತಿ ಇವೆ. ಒಂದೊಂದು ಒಂದೊಂದು ಎತ್ತರ. ಕೆಲವು ಸವೆದು ನುಣುಪಾಗಿವೆ, ಕೆಲವು ಬೇರು ನುಗ್ಗಿ ಓರೆಯಾಗಿವೆ. ಇಳಿಯುವಾಗ ಹೆಜ್ಜೆ ಅಡ್ಡಡ್ಡ ಇಟ್ಟರೆ ಮೊಣಕಾಲಿಗೆ ಹಗುರ. ಮರದ ನೆರಳಿದೆ, ಅರ್ಧ ದಾರಿಯಿಂದ ಕೆಳಗೆ ಹೊಲ, ದ್ರಾಕ್ಷಿ ತೋಟಗಳು ಕಾಣುತ್ತವೆ. ಮೇಲಿನ ಗಲಾಟೆಯಲ್ಲಿ ನೂರಕ್ಕೆ ಒಬ್ಬರೂ ಈ ಕಡೆ ಬರುವುದಿಲ್ಲ. ಕೆಳಗೆ ತಲುಪಿದ ಮೇಲೆ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ ದೇವಸ್ಥಾನ ಇದೆ. ಒಂಬತ್ತನೇ ಶತಮಾನದಷ್ಟು ಹಳೆಯದು. ಅಲ್ಲಿಯ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚುವ ಆಸೆ ಆಗುತ್ತದೆ. ಅದು ದೇವಸ್ಥಾನ, ಡಬ್ಬಿ ಹೊರಗೆ ಮರದಡಿಯಲ್ಲಿ ಬಿಚ್ಚಿ. ಊರಿನ ಸ್ಟಾಪಿನಿಂದ ಚಿಕ್ಕಬಳ್ಳಾಪುರದ ಬಸ್ಸು ಹಿಡಿದರೆ ಅಲ್ಲಿಂದ ಬೆಂಗಳೂರಿಗೆ ಚಿಂತೆ ಇಲ್ಲ. ಸೂರ್ಯೋದಯ ಮಾತ್ರ ಈ ಬಸ್ಸಲ್ಲಿ ಸಿಗುವುದಿಲ್ಲ, ಅದರ ಆಸೆ ಬಿಡಿ. ಶನಿವಾರ ಭಾನುವಾರ ಅದನ್ನು ನೋಡಲು ಹೋದ ಎಷ್ಟೋ ಜನ ನೋಡಿದ್ದು ಮುಂದಿನ ಕಾರಿನ ಹಿಂದಿನ ಲೈಟು.

ರಾಮನಗರದ ರಾಮದೇವರ ಬೆಟ್ಟ ಅರ್ಧ ದಿನದ ಕೆಲಸ. ಇಲ್ಲಿ ಬಸ್ಸಿನದೇ ಒಂದು ತೊಡಕಿದೆ. 2023ರಲ್ಲಿ ಮೈಸೂರು ಎಕ್ಸ್‌ಪ್ರೆಸ್‌ವೇ ಆದಮೇಲೆ ತಡೆರಹಿತ ಬಸ್ಸುಗಳು ಬಿಡದಿ, ರಾಮನಗರ, ಚನ್ನಪಟ್ಟಣಗಳ ಒಳಗೆ ಬರುವುದೇ ಇಲ್ಲ. ಸ್ಯಾಟಲೈಟ್ ಸ್ಟ್ಯಾಂಡಿನಲ್ಲಿ ‘ಮೈಸೂರ್ ಮೈಸೂರ್’ ಅಂತ ಕೂಗುವ ಬಸ್ಸಿಗೆ ಸುಮ್ನೆ ಹತ್ತಿ ಕೂರಬೇಡಿ. ರಾಮನಗರ ಅಂತಲೇ ಬೋರ್ಡು ಇರುವ ಬಸ್ಸು ಹತ್ತಿ, ಅಥವಾ ರೈಲು ಹಿಡಿಯಿರಿ. ಪೇಟೆಯಿಂದ ಬೆಟ್ಟ ಆಟೋ ದೂರ.

ಇಲ್ಲಿಯ ಬಂಡೆಗಳಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ. ಬ್ರಿಟಿಷರ ಕಾಲದಲ್ಲಿ ರಾಮನಗರದ ಹೆಸರೇ ಕ್ಲೋಸ್‌ಪೇಟೆ. ಸುಮಾರು 250 ಕೋಟಿ ವರ್ಷ ಹಿಂದೆ ನೆಲದಾಳದಲ್ಲಿ ಕರಗಿದ್ದ ಶಿಲೆ ತಣ್ಣಗಾಗಿ ಗಟ್ಟಿಯಾದದ್ದು. ಮೇಲಿನ ಮಣ್ಣು ಕಲ್ಲು ಸವೆದು ಭಾರ ಕಡಿಮೆಯಾದಂತೆ ಬಂಡೆ ಹಿಗ್ಗಿ, ಈರುಳ್ಳಿ ಸಿಪ್ಪೆ ಥರ ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ನಮ್ಮ ಕಡೆ ಬೆಟ್ಟಗಳು ಬೋಳಾಗಿ, ಗುಂಡಗೆ ಇರುವುದು ಇದರಿಂದಲೇ. ನಡೆಯುವವರಿಗೆ ಇದರಲ್ಲೊಂದು ಪಾಠ ಇದೆ. ಒಣಗಿದ ಗ್ರಾನೈಟ್ ಮೇಲೆ ಚಪ್ಪಲಿ ಕೂಡ ಹಿಡಿಯುತ್ತದೆ. ಅದೇ ಬಂಡೆ ಮಳೆ ಬಿದ್ದು, ಕಪ್ಪಗೆ ಪಾಚಿ ಕಟ್ಟಿದ ಕಡೆ ಒಳ್ಳೆಯ ಬೂಟೂ ನಿಲ್ಲುವುದಿಲ್ಲ. ಬಂಡೆಯ ಮೇಲೆ ಕಪ್ಪು ಪಟ್ಟೆ ಕಂಡರೆ ಅದು ನೀರು ಇಳಿಯುವ ದಾರಿ. ಅದನ್ನು ಬಿಟ್ಟು ಬೂದು ಬಣ್ಣದ ಕಡೆ ಹೆಜ್ಜೆ ಇಡಿ.

ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಾರಣ್ಯ. ಉದ್ದ ಕೊಕ್ಕಿನ ರಣಹದ್ದು ಇಲ್ಲಿಯ ಬಂಡೆಗೋಡೆಗಳಲ್ಲಿ ಗೂಡು ಮಾಡುತ್ತಿತ್ತು. ದನಕರುಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವಿನ ಔಷಧಿ, ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ದೇಶದ ಉದ್ದಕ್ಕೂ ಅವನ್ನು ಮುಗಿಸಿತು. ಪಶುಗಳಿಗೆ ಅದನ್ನು ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. ಇಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ಕಂಡರೆ ಅದೃಷ್ಟ. ಕರಡಿ, ಚಿರತೆಯೂ ಇರುವ ಕಾಡು ಇದು. ಗೇಟಿನಲ್ಲಿ ಹೇಳಿದ ಹೊತ್ತಿಗೆ ಕೆಳಗೆ ಬಂದುಬಿಡಿ, ಮೆಟ್ಟಿಲು ಬಿಟ್ಟು ಅಡ್ಡದಾರಿ ಹಿಡಿಯಬೇಡಿ.

ಸ್ವಲ್ಪ ಮೈಬಗ್ಗಿಸಿ ನುಸುಳುವ ಆಸೆ ಇದ್ದರೆ ಕೋಲಾರದ ಅಂತರಗಂಗೆ. ಕೋಲಾರದ ಬಸ್ಸು ಕೆ.ಆರ್.ಪುರದ ಕಡೆಯಿಂದಲೂ ಸಿಗುತ್ತದೆ, ಎರಡು ಗಂಟೆ ದಾರಿ. ತಿರುಪತಿ ಕಡೆ ಹೋಗುವ ದೂರದ ಬಸ್ಸುಗಳು ಬೈಪಾಸಿನಲ್ಲಿ ಇಳಿಸಬಹುದು. ಸ್ಟ್ಯಾಂಡಿನ ಒಳಗೆ ಹೋಗುವ ಬಸ್ಸೇ ಹತ್ತಿ. ಸ್ಟ್ಯಾಂಡಿನಿಂದ ಬೆಟ್ಟದ ಬುಡ ಮೂರು ನಾಲ್ಕು ಕಿಲೋಮೀಟರ್. ನಾನು ನೋಡಿದ ಬೆಟ್ಟಗಳಲ್ಲೆಲ್ಲ ಕೊನೆ ದಾರಿ ಇಷ್ಟು ಸುಲಭ ಇರುವುದು ಕಡಿಮೆ. ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರ ದೇವಸ್ಥಾನ, ಕಲ್ಲು ಬಸವನ ಬಾಯಿಂದ ಸದಾ ಬೀಳುವ ನೀರು. ಬಿಂದಿಗೆ, ಕ್ಯಾನು ಹಿಡಿದು ಊರವರು ಬರುತ್ತಾರೆ. ದೇವಸ್ಥಾನದ ಮೇಲೆ ದೊಡ್ಡ ದೊಡ್ಡ ಗುಂಡುಗಳು ಒಂದರ ಮೇಲೊಂದು ಬಿದ್ದು ಆದ ಗವಿಗಳಿವೆ. ಗವಿಗಳಿಗೆ ದಾರಿ ಗೊತ್ತಿರುವವರು ಜೊತೆಗಿಲ್ಲದೆ ಹೋಗಬೇಡಿ. ಇನ್ನೂ ಮೇಲೆ ತೇರಹಳ್ಳಿ. ಬೆಟ್ಟದ ನೆತ್ತಿಯಲ್ಲಿ ಹೊಲ, ಮನೆ, ದನ ಇರುವ ಊರು. ಕೆಳಗಿನಿಂದ ಬಂಡೆ ಹತ್ತಿ ಸುಸ್ತಾಗಿ ಬಂದವರಿಗೆ ಎದುರಿಗೆ ರಾಗಿ ಹೊಲ ಕಂಡರೆ ಒಂದು ಕ್ಷಣ ಗಲಿಬಿಲಿ ಆಗುತ್ತದೆ.

ಸಾವನದುರ್ಗವನ್ನು ಮೊದಲ ಎರಡು ಮೂರು ಸಲಕ್ಕೆ ಬೇಡ ಅನ್ನುತ್ತೇನೆ. ಮಾಗಡಿವರೆಗೆ ಬಸ್ಸು ಸುಲಭ, ನಿಮಗಂತೂ ಮಾಗಡಿ ರಸ್ತೆ ಹತ್ತಿರ. ಮಾಗಡಿಯಿಂದ ಬುಡಕ್ಕೆ ಹನ್ನೆರಡು ಕಿಲೋಮೀಟರ್ ಆಸುಪಾಸು, ಬಸ್ಸು ಕಡಿಮೆ. ಆಟೋದವರ ಹತ್ತಿರ ಹೋಗಿ ಬರುವುದಕ್ಕೂ ಸೇರಿಸಿ ಮಾತಾಡಿ, ಫೋನ್ ನಂಬರು ತೆಗೆದುಕೊಳ್ಳಿ. ಬೆಟ್ಟ ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಒಂದೇ ಬಂಡೆ. 1791ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್ ಸೈನ್ಯ ಇದನ್ನು ಹಿಡಿದಾಗ ಸುತ್ತಲಿನ ಬಿದಿರು ಕಾಡೇ ದೊಡ್ಡ ಕೋಟೆಯಾಗಿತ್ತು. ಹತ್ತುವಾಗ ದಾರಿ ತಪ್ಪುವುದಿಲ್ಲ. ಇಳಿಯುವಾಗ ಎಲ್ಲ ಕಡೆಯೂ ಒಂದೇ ಥರ ಕಂಡು, ಬೇರೆ ಮಗ್ಗುಲಿಗೆ ಇಳಿದುಬಿಟ್ಟರೆ ಮುಂದೆ ಪ್ರಪಾತ. ಹೋಗುವಾಗಲೇ ಆಗಾಗ ಹಿಂದೆ ತಿರುಗಿ ನೋಡಿ, ಇಳಿಯುವಾಗ ಹೇಗೆ ಕಾಣುತ್ತದೆ ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಹತ್ತಿರದ ಮಂಚನಬೆಲೆ ಜಲಾಶಯಕ್ಕೆ ದಡದಿಂದ ನೋಡುವುದಕ್ಕಷ್ಟೇ ಹೋಗಿ. ಈಜು ಬಲ್ಲವರೇ ಅಲ್ಲಿ ಮುಳುಗಿ ಸತ್ತಿದ್ದಾರೆ.

ಮಾಕಳಿದುರ್ಗಕ್ಕೆ ದೊಡ್ಡಬಳ್ಳಾಪುರದಿಂದ ಘಾಟಿ ಕಡೆಯ ಬಸ್ಸು. ರೈಲ್ವೆ ಸ್ಟೇಷನ್ನೂ ಇದೆ. ಹಳಿಯ ಮೇಲೆ ನಡೆದು ಬೆಟ್ಟದ ದಾರಿ ಹಿಡಿಯುವ ಚಾಳಿ ಹುಡುಗರಲ್ಲಿದೆ. ನೀವು ಅದನ್ನು ಮಾಡಬೇಡಿ. ತಿರುವಿನಲ್ಲಿ ರೈಲು ಬರುವುದು ಗೊತ್ತಾಗುವುದಿಲ್ಲ.

ಸಾವನದುರ್ಗ, ಮಾಕಳಿದುರ್ಗ, ಚಿಕ್ಕಬಳ್ಳಾಪುರದ ಹತ್ತಿರದ ಸ್ಕಂದಗಿರಿ ಬೆಟ್ಟ, ಅಂತರಗಂಗೆಯ ಚಾರಣದ ದಾರಿ ಇವೆಲ್ಲ ಅರಣ್ಯ ಇಲಾಖೆಯ ಕೆಳಗೆ ಬರುತ್ತವೆ. 2024ರ ಜನವರಿಯಲ್ಲಿ ಕುಕ್ಕೆ ಸುಬ್ರಹ್ಮಣ್ಯದ ಹತ್ತಿರದ ಕುಮಾರಪರ್ವತಕ್ಕೆ ಒಂದೇ ಸಲ ಸಾವಿರಾರು ಜನ ನುಗ್ಗಿದ ಮೇಲೆ ಇಲಾಖೆ ಬಿಗಿ ಮಾಡಿತು. ಈಗ ‘ಅರಣ್ಯ ವಿಹಾರ’ ಅನ್ನುವ ಸರ್ಕಾರಿ ಜಾಲತಾಣದಲ್ಲಿ ಮೊದಲೇ ಹೆಸರು ಬರೆಸಿ ದುಡ್ಡು ಕಟ್ಟಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿಯೂ ಇದೆ. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳುವ ಕಾಲಕ್ಕೆ ಕೆಲವು ದಾರಿ ಮುಚ್ಚುತ್ತಾರೆ. ಬಸ್ಸಲ್ಲಿ ಎರಡು ಗಂಟೆ ಹೋಗಿ ಗೇಟಿನಲ್ಲಿ ವಾಪಸ್ ಕಳಿಸಿದರೆ ಯಾರಿಗೆ ಬೇಕು ಹೇಳಿ. ಹೊರಡುವ ಮುಂಚೆ ಅಲ್ಲಿ ನೋಡಿಕೊಳ್ಳಿ. ಶಿವಗಂಗೆಗೆ ಈ ರಗಳೆ ಇಲ್ಲ, ಅದನ್ನು ಮೊದಲು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಇನ್ನು ನಿಮ್ಮ ಅಮ್ಮನ ವಿಷಯ. ಬೆಂಗಳೂರಿಗೆ ದೊಡ್ಡ ನದಿ ಇಲ್ಲ. ಒಂದು ಕೆರೆಯ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುವಂತೆ ಹಿಂದಿನವರು ಸಾಲಾಗಿ ಕಟ್ಟಿದ್ದರು. ಆ ಸಾಲು ಹಿಡಿದು ನಡೆಯುವುದೇ ಒಂದು ಚಾರಣ, ಏರು ಇಳಿವು ಇಲ್ಲದ್ದು. ಜಕ್ಕೂರು ಕೆರೆಯಿಂದ ರಾಚೇನಹಳ್ಳಿ ಕೆರೆ ಹೀಗೇ ಒಂದರ ಕೆಳಗೊಂದು ಇವೆ. ಬಳ್ಳಾರಿ ರಸ್ತೆಯ ಬಿಎಂಟಿಸಿ ಬಸ್ಸಲ್ಲಿ ಜಕ್ಕೂರಿನಲ್ಲಿ ಇಳಿದು ಒಳಗೆ ಒಂದು ಆಟೋ. ಜಕ್ಕೂರು 160 ಎಕರೆಯ ದೊಡ್ಡ ಕೆರೆ. ಒಳಚರಂಡಿ ನೀರನ್ನು ಶುದ್ಧ ಮಾಡುವ ಘಟಕದಿಂದ ಬಂದ ನೀರು ಜೊಂಡು ಬೆಳೆದ ಜೌಗಿನಲ್ಲಿ ಸೋಸಿಕೊಂಡು ಕೆರೆ ಸೇರುತ್ತದೆ. ಏರಿಯ ಮೇಲೆ ಮಣ್ಣಿನ ದಾರಿ, ನಡುನಡುವೆ ಬೆಂಚು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ರೆಕ್ಕೆ ಹರಡಿ ಒಣಗಿಸುವ ನೀರುಕಾಗೆ ಎಲ್ಲ ಹತ್ತಿರದಲ್ಲೇ ಕಾಣುತ್ತವೆ. ಅಮ್ಮ ಜಕ್ಕೂರಲ್ಲೇ ಕೂರಲಿ, ನೀವಿಬ್ಬರು ರಾಚೇನಹಳ್ಳಿವರೆಗೆ ಹೋಗಿ ಬನ್ನಿ. ನಗರದ ಬಹಳಷ್ಟು ಕೆರೆಗಳ ಗೇಟು ಬೆಳಗ್ಗೆ, ಸಂಜೆ ಮಾತ್ರ ತೆರೆದಿರುತ್ತದೆ. ಹನ್ನೊಂದು ಗಂಟೆಗೆ ಹೋಗಿ ಬೀಗ ನೋಡಿಕೊಂಡು ಬರಬೇಡಿ.

ಇನ್ನೂ ಹತ್ತಿರ ಬೇಕಾದರೆ ಸ್ಯಾಂಕಿ ಕೆರೆ, 1882ರಲ್ಲಿ ಕಟ್ಟಿದ್ದು. ಅದನ್ನು ಚಾರಣ ಅನ್ನಲಾರೆ, ಅಮ್ಮನ ಕಾಲು ಎಷ್ಟು ದೂರ ಒಪ್ಪುತ್ತದೆ ಅಂತ ನೋಡುವುದಕ್ಕೆ ಚೆನ್ನಾಗಿದೆ. ದೂರದ್ದು ಬೇಕಾದರೆ ಹೆಸರಘಟ್ಟ. ಮೆಜೆಸ್ಟಿಕ್ಕಿನಿಂದ ಬಿಎಂಟಿಸಿ ಬಸ್ಸು ಊರಿನವರೆಗೂ ಹೋಗುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರ ಯೋಜನೆಯಲ್ಲಿ, ಬೆಂಗಳೂರಿಗೆ ಮೊದಲ ಬಾರಿಗೆ ಕೊಳಾಯಿ ನೀರು ಬಂದದ್ದು ಈ ಅರ್ಕಾವತಿ ಕೆರೆಯಿಂದ. ಎಷ್ಟೋ ವರ್ಷ ಅಲ್ಲಿ ನೀರಿಗಿಂತ ಹುಲ್ಲೇ ಜಾಸ್ತಿ, ಅದಕ್ಕೆ ಬೇಜಾರಾಗಬೇಡಿ. ಪಕ್ಕದ ಹುಲ್ಲುಗಾವಲು ಬೆಂಗಳೂರಿನ ಸುತ್ತ ಉಳಿದಿರುವ ದೊಡ್ಡ ಬಯಲು. ಚಳಿಗಾಲದಲ್ಲಿ ದೂರದಿಂದ ಬರುವ ಹದ್ದಿನ ಜಾತಿಯ ಹಕ್ಕಿಗಳು ಹುಲ್ಲಿನ ಮೇಲೆ ಮೊಣಕಾಲೆತ್ತರದಲ್ಲಿ ತೇಲುತ್ತವೆ. ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳೂ ಇವೆ, ಹುಲ್ಲಿನೊಳಗೆ ಕಾಲಿಡದೆ ದಾರಿಯಲ್ಲೇ ನಡೆಯಿರಿ.

ಖರ್ಚಿನ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ, ನಿಮ್ಮ ಮೂವರಿಗೂ ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ಟಿಕೆಟ್ ಸೊನ್ನೆ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿ ಸೊನ್ನೆ ಟಿಕೆಟ್ ಕೇಳಿ ಪಡೆಯಿರಿ. ಎ.ಸಿ. ಬಸ್ಸು, ರಾಜಹಂಸ ಇವಕ್ಕೆ ಅದು ನಡೆಯುವುದಿಲ್ಲ. ಹಳ್ಳಿ ದಾರಿಗೆ ಆ ಬಸ್ಸುಗಳು ಬರುವುದೂ ಇಲ್ಲ ಬಿಡಿ. ಆಟೋ, ಸೌತೆಕಾಯಿ, ಚಹಾಕ್ಕೆ ಚಿಲ್ಲರೆ ಇಟ್ಟುಕೊಳ್ಳಿ. ಬೆಟ್ಟದ ಬುಡದಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಫೋನಿನಲ್ಲಿ ದುಡ್ಡು ಕಳಿಸಲು ಆಗುವುದಿಲ್ಲ.

ಒಬ್ಬೊಬ್ಬರಿಗೂ ಎರಡು ಲೀಟರ್ ನೀರು ಬೇಕು. ತಿಂಡಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ನಡೆದರೆ ಶಿವಗಂಗೆಯ ಕೋತಿಗಳು ಅರ್ಧ ದಾರಿಯಲ್ಲೇ ಕಸಿಯುತ್ತವೆ, ಬ್ಯಾಗಿನೊಳಗೆ ಇಡಿ. ಬಂಡೆಗೋಡೆಗಳಲ್ಲಿ ಹೆಜ್ಜೇನು ಇರುತ್ತದೆ. ಅದರ ಹತ್ತಿರ ಕೂಗಾಟ, ಹೊಗೆ, ಸೆಂಟು ಯಾವುದೂ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ. ಬೋಳು ಬಂಡೆಯ ಮೇಲೆ ನೀವೇ ಎತ್ತರದ ವಸ್ತು. ಗುಡುಗು ಕೇಳಿದ ಕೂಡಲೇ ಇಳಿಯಲು ಶುರು ಮಾಡಿ, ಮೇಲೆ ಇನ್ನು ಹತ್ತೇ ನಿಮಿಷ ಇದ್ದರೂ ಸರಿ. ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಆದರೆ ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಕತ್ತಲು.

ಇಬ್ಬರೇ ಹೋಗಬಹುದಾ ಅಂದಿರಿ. ಶಿವಗಂಗೆ, ನಂದಿ, ಅಂತರಗಂಗೆಯ ದೇವಸ್ಥಾನದವರೆಗೆ, ಹಗಲಲ್ಲಿ, ಧೈರ್ಯವಾಗಿ ಹೋಗಬಹುದು. ಹೆಂಗಸರು, ಮಕ್ಕಳು, ಮುದುಕರು ಎಲ್ಲ ಇರುವ ದಾರಿಗಳು ಅವು. ನಂದಿಯ ಹಳೇ ಮೆಟ್ಟಿಲು, ಅಂತರಗಂಗೆಯ ಗವಿಗಳು, ಸಾವನದುರ್ಗ ಇವಕ್ಕೆ ನಾಲ್ಕೈದು ಜನ ಆಗಿ ಹೋಗಿ. ಇದು ಹೆಣ್ಣುಮಕ್ಕಳಿಗೆ ಅಂತ ಹೇಳುವ ಮಾತಲ್ಲ. ಅಲ್ಲಿ ಒಬ್ಬರ ಕಾಲು ಉಳುಕಿದರೆ ಒಬ್ಬರು ಜೊತೆಗಿರಬೇಕು, ಇನ್ನೊಬ್ಬರು ಕೆಳಗೆ ಹೋಗಿ ಜನ ಕರೆತರಬೇಕು, ಗಂಡಸರಿಗೂ ಲೆಕ್ಕ ಅದೇ. ಬಸ್ಸಿನಲ್ಲಿ ಕಂಡಕ್ಟರಿಗೆ ‘ಬೆಟ್ಟಕ್ಕೆ ಹೋಗ್ತಿದೀವಿ, ಸಂಜೆ ಇದೇ ಬಸ್ಸು ಬರುತ್ತಾ’ ಅಂತ ಹೇಳಿರಿ. ಹಳ್ಳಿ ರೂಟಿನ ಬಸ್ಸು ಬಹಳ ಸಲ ಅದೇ ಸಿಬ್ಬಂದಿಯ ಜೊತೆ ದಿನವಿಡೀ ಹೋಗಿ ಬಂದು ಮಾಡುತ್ತಿರುತ್ತದೆ. ಬೆಳಗ್ಗೆ ಇಳಿಸಿದ ಇಬ್ಬರು ಸಂಜೆ ಸ್ಟಾಪಿನಲ್ಲಿ ಕಾಣದಿದ್ದರೆ ಅವರೇ ಒಂದು ನಿಮಿಷ ಹಾರ್ನ್ ಹೊಡೆದು ಕಾಯುವುದುಂಟು.

ಸಾಧ್ಯವಾದರೆ ಭಾನುವಾರ ಬಿಟ್ಟು ರಜೆ ಹಾಕಿ ವಾರದ ದಿನ ಹೋಗಿ. ಬಸ್ಸಲ್ಲಿ ಸೀಟು ಸಿಗುತ್ತದೆ, ಒಳಕಲ್ಲು ತೀರ್ಥದಲ್ಲಿ ಸರದಿಯೂ ಸಣ್ಣದಿರುತ್ತದೆ.